ಔಷಧದಂಗಡಿಯಲ್ಲಿ ರಸೀತಿ ಕೇಳಿ
(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅಕ್ಕಿ ಕೊಳ್ಳುವಾಗ ನಾವು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡುತ್ತೇವೆ. ಬಟ್ಟೆ ಕೊಳ್ಳುವಾಗ ಎಳೆ ಹಿಡಿದು ಪರೀಕ್ಷಿಸುತ್ತೇವೆ. ಗಿರಣಿಯವರಿಗೆ ನೂಲಿನ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಔಷಧ ಕೊಳ್ಳುವಾಗ ಕಣ್ಣು ಮುಚ್ಚಿ ಕೈ ನೀಡುತ್ತೇವೆ. ಗುಳಿಗೆಯ ಗುಣ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು.

ಇದಕ್ಕೆ ಘೋರವಾದ ಸಾಕ್ಷಿ 2025ರಲ್ಲಿ ದೊರೆಯಿತು. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಔಷಧ ಕುಡಿದ ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಒಬ್ಬರ ಹಿಂದೊಬ್ಬರು ಸತ್ತರು. ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಔಷಧ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಆ ರಾಜ್ಯದ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಶೇಕಡಾ 48.6ರಷ್ಟಿತ್ತು. ಮಿತಿ ಶೇಕಡಾ 0.1 ಮಾತ್ರ. ಅದು ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ, ರುಚಿ ಸಿಹಿ. ಆದುದರಿಂದ ಮಗು ಉಗುಳುವುದಿಲ್ಲ, ತಾಯಿಗೆ ಸಂಶಯ ಬರುವುದಿಲ್ಲ.

ಇದೇನು ಹೊಸ ವಿಷವೇ? 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್ ಕುಡಿದು 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಅವರ ವಿಚಾರಣೆ ನಡೆಯಿತು. 1940ರಿಂದ ನಮ್ಮಲ್ಲಿ ಔಷಧ ಕಾಯಿದೆಯೂ ಇದೆ. ಎಂಬತ್ತೆಂಟು ವರ್ಷ ಹಿಂದೆಯೇ ಗೊತ್ತಿದ್ದ ವಿಷಕ್ಕೆ ಮತ್ತೆ ಮಕ್ಕಳು ಬಲಿಯಾದರೆಂದರೆ, ಕೊರತೆ ಇರುವುದು ಕಾನೂನಿನಲ್ಲಲ್ಲ, ಕಾವಲಿನಲ್ಲಿ.

ಮೊದಲ ಹೊಣೆ ತಯಾರಕನದು; ಅವನ ಮೇಲೆ ಕಣ್ಣಿಡಬೇಕಾದದ್ದು ಸರ್ಕಾರ. ಅಂಗಡಿಯವನು ಪ್ರಯೋಗಾಲಯ ಇಟ್ಟುಕೊಂಡಿಲ್ಲ. ಮುಚ್ಚಿದ ಶೀಷೆಯೊಳಗಿನ ವಿಷ ಅವನಿಗೂ ಕಾಣದು. ಹಾಗೆಂದು ಅವನು ಕೈ ತೊಳೆದುಕೊಳ್ಳುವಂತಿಲ್ಲ. ತಗಡಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಬೆಂದ ಔಷಧ ಒಳ್ಳೆಯ ಕಾರ್ಖಾನೆಯದಾದರೂ ಕೆಡುತ್ತದೆ. ಇನ್ಸುಲಿನ್ ದಾಸ್ತಾನು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ರಾತ್ರಿ ಫ್ರಿಜ್ ಆರಿಸಿ ಮನೆಗೆ ಹೋದರೆ ಆ ಔಷಧದ ಬಲ ಕುಂದುತ್ತದೆ. ಅವಧಿ ಮುಗಿದ ಮಾಲು ಮಾರುವ ಕಪಾಟಿನಲ್ಲಿರಕೂಡದು. ವೈದ್ಯರ ಚೀಟಿ ಓದಿ ಔಷಧ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟನದೆಂದು 1948ರ ಫಾರ್ಮಸಿ ಕಾಯಿದೆ ಹೇಳುತ್ತದೆ. ಗೋಡೆಗೆ ಅವನ ಸರ್ಟಿಫಿಕೇಟು ತೂಗುಹಾಕಿ, ಗಲ್ಲಾದ ಬಳಿ ಓದುಬಾರದ ಹುಡುಗನನ್ನು ನಿಲ್ಲಿಸಿದರೆ ಕಾಯಿದೆ ಪಾಲಿಸಿದಂತಾಗಲಿಲ್ಲ. ಕಿರಾಣಿ ಬಂಧುಗಳಿಗೂ ಒಂದು ಮಾತು: ಪಟ್ಟಣದಲ್ಲಿ ಲೈಸೆನ್ಸಿಲ್ಲದೆ ಬೆಲ್ಲ, ಬೀಡಿಗಳ ಜೊತೆ ಜ್ವರದ ಗುಳಿಗೆ ಮಾರುವುದು ಅಪರಾಧ.

ಇನ್ನು ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಪಾಳಿ ಬಿಟ್ಟು ಬರುವಾಗ “ಎರಡು ಗುಳಿಗೆ ಕೊಡಿ” ಎನ್ನುತ್ತೇವೆ. ಪೂರ್ತಿ ಪಟ್ಟಿ ಕೊಳ್ಳುವಷ್ಟು ಕಾಸು ಜೇಬಿನಲ್ಲಿರುವುದಿಲ್ಲ. ಅದು ನಾಚಿಕೆಯ ವಿಷಯವಲ್ಲ. ಆದರೆ ಪಟ್ಟಿ ಕತ್ತರಿಸಿದಾಗ ಬ್ಯಾಚ್ ನಂಬರು, ಅವಧಿಯ ತಾರೀಖು ಅಂಗಡಿಯಲ್ಲೇ ಉಳಿಯುತ್ತವೆ. ನಮ್ಮ ಕೈಗೆ ಬರುವುದು ಹೆಸರಿಲ್ಲದ, ಊರಿಲ್ಲದ ಗುಳಿಗೆ. ನಾಳೆ “ಈ ಬ್ಯಾಚ್ ಬಳಸಬೇಡಿ” ಎಂದು ಸರ್ಕಾರ ಸಾರಿದರೆ, ನಮ್ಮ ಮನೆಯಲ್ಲಿರುವುದು ಅದೇ ಹೌದೋ ಅಲ್ಲವೋ ಎಂದು ತಿಳಿಯುವ ಬಗೆ ಯಾವುದು?

ಆದುದರಿಂದ ರಸೀತಿ ಕೇಳಬೇಕು. ಎರಡೇ ಗುಳಿಗೆಯಾದರೂ ಸರಿ, ಹೆಸರು, ಬ್ಯಾಚ್ ನಂಬರು, ಅವಧಿ ಬರೆಸಿಕೊಳ್ಳಬೇಕು. ಪ್ರಾಮಾಣಿಕ ಅಂಗಡಿಯವನಿಗೆ ಇದು ಹೊರೆಯಲ್ಲ, ರಕ್ಷಣೆ. ತಪ್ಪು ತಯಾರಕನದೆಂದು ತೋರಿಸಲು ಅವನಿಗೂ ಕಾಗದವೇ ಆಧಾರ.

ರಸೀತಿಯಿಂದ ಇನ್ನೊಂದು ದೊಡ್ಡ ಉಪಯೋಗವಿದೆ. ಔಷಧ ಕಾಯಿದೆಯ 26ನೆಯ ಕಲಮು ಓದಿ ನೋಡಿ. ಕೊಂಡ ಔಷಧವನ್ನು ಯಾವ ವ್ಯಕ್ತಿಯಾದರೂ ನಿಗದಿಯಾದ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಪರೀಕ್ಷೆಗೆ ಕೊಡಬಹುದು. ಸಹಿ ಮಾಡಿದ ವರದಿ ಪಡೆಯುವುದು ಅವನ ಹಕ್ಕು. ಹುಬ್ಬಳ್ಳಿ, ಬಳ್ಳಾರಿ, ಬೆಂಗಳೂರುಗಳಲ್ಲಿ ಸರ್ಕಾರದ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಒಬ್ಬ ಕೂಲಿಕಾರನಿಗೆ ಶುಲ್ಕವೂ ಓಡಾಟವೂ ಭಾರ. ನೂರು ಜನ ವಂತಿಗೆ ಹಾಕಿದರೆ ಭಾರವೆಲ್ಲಿ? ಬೋನಸ್ಸಿಗಾಗಿ ಲೆಕ್ಕಪತ್ರ ಕೇಳಲು ಕಲಿತ ಸಂಘ ಔಷಧಕ್ಕಾಗಿ ವರದಿ ಕೇಳಲಾರದೆ?

ಈ ಸಭೆಯ ಮುಂದೆ ಎರಡು ಸಲಹೆಗಳನ್ನಿಡುತ್ತೇವೆ. ಸಂಘದ ಕಚೇರಿಯಲ್ಲಿ ಔಷಧದ ರಸೀತಿಗಳಿಗಾಗಿ ಒಂದು ಫೈಲು ತೆರೆಯೋಣ. ಪ್ರತಿ ಮೂರು ತಿಂಗಳಿಗೊಮ್ಮೆ ನಾವು ಹೆಚ್ಚು ಬಳಸುವ ಒಂದು ಔಷಧವನ್ನು ಪರೀಕ್ಷೆಗೆ ಕಳಿಸಿ, ಬಂದ ವರದಿಯನ್ನು ಗಿರಣಿಯ ಬಾಗಿಲಲ್ಲಿ ಅಂಟಿಸೋಣ. ಛಿಂದ್ವಾಡಾದಲ್ಲಿ ಪರೀಕ್ಷೆ ನಡೆದದ್ದು ಮಕ್ಕಳು ಸತ್ತ ಮೇಲೆ. ನಮ್ಮ ಊರಿನಲ್ಲಿ ಅದು ಮೊದಲೇ ನಡೆಯಲಿ.