ಬೆಂಕಿಗೆ ಊರೇ ಕಾವಲು

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಶುಭದಿನ ಬೆಂಕಿಯ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಬೇಸಿಗೆ ಬಂತೆಂದರೆ ಬಣವೆಗೆ ಎಲ್ಲಿ ಕಿಡಿ ಬೀಳುತ್ತೋ ಎಂಬ ದಿಗಿಲು ನಮಗೆಲ್ಲ ಇದ್ದದ್ದೇ. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರಬೇಕು. ಅದು ಬರೋ ತನಕ ಬಿಂದಿಗೆ ಹಿಡಿದು ಓಡುವವರು ನಾವೇ. ಬೆಂಕಿ ಅರಮನೆಯನ್ನೂ ಬಿಟ್ಟಿಲ್ಲ. 1897ರಲ್ಲಿ, ರಾಜಕುಮಾರಿಯ ಮದುವೆ ಸಂಭ್ರಮದಲ್ಲೇ, ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಈಗ ನಾವು ನೋಡುವ ಅರಮನೆ 1912ರಲ್ಲಿ ಮುಗಿದದ್ದು.

ಹಾಗಾದರೆ ಮರ, ಹುಲ್ಲಿನ ಹಳೇ ಮನೆಗಳನ್ನು ಒಂದು ಸಣ್ಣ ಊರು ಉಳಿಸಿಕೊಳ್ಳೋದು ಹೇಗೆ? ಇದಕ್ಕೆ ಜಪಾನಿನ ಒಂದು ಹಳ್ಳಿಯ ಸಂಗತಿ ಹೇಳುತ್ತೇವೆ.

ಗಿಫು ಪ್ರಾಂತದ ಬೆಟ್ಟಗಳ ನಡುವೆ ಶಿರಕಾವಾಗೋ ಎಂಬ ಸೀಮೆಯಿದೆ. ಅಲ್ಲಿನ ಓಗಿಮಾಚಿ ಹಳ್ಳಿಯ ಮನೆಗಳ ಮಾಡು, ಹಿಮ ಜಾರಿಬೀಳಲಿ ಅಂತ, ಕೈಮುಗಿದ ಹಾಗೆ ಕಡಿದಾಗಿದೆ. ಹೊದಿಕೆ ಪೂರಾ ಹುಲ್ಲು. ಹಿಂದೆ ಅಟ್ಟದ ಮೇಲೆ ರೇಷ್ಮೆಹುಳು ಸಾಕುತ್ತಿದ್ದರು. ಮಾಡು ಹೊದಿಸೋದು ಒಂದು ಮನೆಯವರಿಂದ ಆಗದ ಕೆಲಸ. ಊರವರೆಲ್ಲ ಮುಯ್ಯಾಳಾಗಿ ನಿಂತು ಮಾಡುವ ಈ ಪದ್ಧತಿಗೆ ಅವರು 'ಯುಯಿ' ಅನ್ನುತ್ತಾರೆ.

ಆ ದೇಶದಲ್ಲಿ ಬೆಂಕಿದಳದ ಚರಿತ್ರೆ ಹಳೆಯದು. ಇಂದಿನ ಟೋಕಿಯೋ ಆಗ ಎದೋ ಪಟ್ಟಣ. ಅಲ್ಲಿ 1720ರ ಸುಮಾರಿಗೆ ಬೀದಿ ಬೀದಿಯ ಜನರದೇ ದಳಗಳು ಏರ್ಪಟ್ಟವು. ಅಕ್ಕಪಕ್ಕದ ಮನೆ ಕೆಡವಿ ಬೆಂಕಿಯ ದಾರಿ ತಡೆಯುವುದೇ ಆಗಿನ ಮುಖ್ಯ ಉಪಾಯ. ಊರು ಉಳಿಯುತ್ತಿತ್ತು, ಮನೆ ಹೋಗುತ್ತಿತ್ತು. 1949ರ ಜನವರಿ 26ರಂದು ಹೋರ್ಯೂಜಿ ಎಂಬ ಪ್ರಾಚೀನ ಬೌದ್ಧ ದೇವಾಲಯದ ಭಿತ್ತಿಚಿತ್ರಗಳು ಬೆಂಕಿಗೆ ಹಾಳಾದವು. ಮರುವರ್ಷವೇ ಇಂಥ ಆಸ್ತಿಗಳ ರಕ್ಷಣೆಗೆ ಕಾನೂನು ಬಂತು. 1955ರಿಂದ ಪ್ರತಿವರ್ಷ ಅದೇ ದಿನ ಹಳೆಯ ಕಟ್ಟಡಗಳಲ್ಲಿ ಬೆಂಕಿ ಆರಿಸುವ ಅಭ್ಯಾಸ ನಡೆಯುತ್ತದೆ.

ಕಾನೂನು ಬಂದರೆ ಸಾಕೇ? ಓಗಿಮಾಚಿಯವರು 1971ರಲ್ಲಿ ತಾವೇ ಕೂತು ಕಟ್ಟುಪಾಡು ಮಾಡಿಕೊಂಡರು: ಮನೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಊರಿನಲ್ಲಿ 59 ನೀರುಫಿರಂಗಿಗಳಿವೆ. ಎತ್ತರದ ತೊಟ್ಟಿಯಿಂದ ನೀರು ತಾನೇ ಇಳಿದು ಬರುತ್ತೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಹಾರಿಸಿ ನೋಡುತ್ತಾರೆ. ಊರಿನ ಬೆಂಕಿದಳದಲ್ಲಿರುವವರು ತಮ್ಮ ತಮ್ಮ ಕೆಲಸ ಮಾಡಿಕೊಂಡಿರುವ ಸಾಮಾನ್ಯ ಜನ. ಇದಲ್ಲದೆ ಮನೆಮನೆಯವರು ಸರದಿಯ ಮೇಲೆ ಮರದ ತಾಳ ಬಡಿಯುತ್ತಾ, ಬೆಂಕಿ ಜೋಕೆ ಅಂತ ಊರು ಸುತ್ತುತ್ತಾರೆ. 1995ರಲ್ಲಿ ಯುನೆಸ್ಕೊ ಈ ಹಳ್ಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2019ರ ನವೆಂಬರಿನಲ್ಲಿ ವಾಹನ ನಿಲ್ಲಿಸುವ ಜಾಗದ ಬಳಿ ಶೆಡ್ಡುಗಳಿಗೆ ಬೆಂಕಿ ಬಿದ್ದಾಗ ನೀರುಫಿರಂಗಿಗಳನ್ನು ಹಾರಿಸಿದರು. ಹಳೆಯ ಮನೆಗಳು ಉಳಿದವು.

ಬಂಧುಗಳೆ, ಫಿರಂಗಿ ತರಿಸೋಣ ಅಂತ ನಾವು ಹೇಳುತ್ತಿಲ್ಲ, ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ ಗೊಬ್ಬರದ ಗೋದಾಮಿನ ಹಳೇ ವೈರು ಬದಲಾಯಿಸಬಹುದು. ಗುಡಿಯ ಮುಂದಿನ ತೊಟ್ಟಿ ಬೇಸಿಗೆಯಲ್ಲಿ ತುಂಬಿರುವಂತೆ ನೋಡಿಕೊಳ್ಳಬಹುದು. ಬೀದಿಗೆ ಇಬ್ಬರಂತೆ ಹುಡುಗರನ್ನು ಗೊತ್ತುಮಾಡಿ, ವರ್ಷಕ್ಕೊಂದು ದಿನ ಅಭ್ಯಾಸ ನಡೆಸಬಹುದು. ಇಪ್ಪತ್ತೈದು ವರ್ಷ ಒಬ್ಬರ ಸಾಲಕ್ಕೆ ಒಬ್ಬರು ಜಾಮೀನು ನಿಂತಿದ್ದೇವೆ. ಒಬ್ಬರ ಮನೆಗೆ ಒಬ್ಬರು ಕಾವಲು ನಿಲ್ಲೋದು ಕಷ್ಟವೇ? ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚೆಗೆ ತರಬೇಕೆಂದು ವಿನಂತಿಸಿ, ಈ ಮಾತು ಮುಗಿಸುತ್ತೇವೆ.