ಹೆಸರು ಬರೆದಿಟ್ಟ ಪುಸ್ತಕ

ಚಿತ್ರದುರ್ಗ ಅಂದರೆ ಮೊದಲು ನೆನಪಾಗುವುದು ಏಳು ಸುತ್ತಿನ ಕೋಟೆ, ಮದಕರಿನಾಯಕ. ಅರಸರ ಇತಿಹಾಸಕ್ಕೆ ಶಾಸನಗಳಿವೆ. ಕೂಲಿನಾಲಿ ಮಾಡಿ ಬದುಕಿದವರಿಗೆ ಏನಿದೆ?

ಈ ಜಿಲ್ಲೆಯ ಸಣ್ಣ ಊರಿನ ಕ್ಯಾಥೋಲಿಕ್ ಚರ್ಚಿನ ಬೀರುವಿನಲ್ಲಿ ಒಂದು ಉತ್ತರವಿದೆ: ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಂನ, ದಾಖಲೆ ಪುಸ್ತಕ. ಇಂಥ ಪುಸ್ತಕ ಇಡಲೇಬೇಕೆಂದು 1563ರಲ್ಲಿ ಕ್ಯಾಥೋಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿತು. ಮಗುವಿನ ಹೆಸರು, ಹೆತ್ತವರು, ಜ್ಞಾನತಂದೆ, ಜ್ಞಾನತಾಯಿ, ಕೊನೆಗೆ ಗುರುಗಳ ರುಜು. ಆ ಮಗು ಬೆಳೆದು ಯಾವ ಊರಿನ ಚರ್ಚಿನಲ್ಲಿ ಮದುವೆಯಾದರೂ, ಸುದ್ದಿ ಇಲ್ಲಿಗೇ ಬಂದು ಅದೇ ಸಾಲಿನ ಪಕ್ಕ ದಾಖಲಾಗಬೇಕು.

ಕಾಲ ಬಹಳ ಬದಲಾಯಿತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಇದ್ದ ಪೂಜೆಗೆ ಕನ್ನಡ ಬಂತು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಹುಟ್ಟಿತು; ಚಿತ್ರದುರ್ಗ ಜಿಲ್ಲೆಯ ಚರ್ಚುಗಳು ಇಂದು ಅದಕ್ಕೆ ಸೇರಿವೆ. 1997ರಲ್ಲಿ ದಾವಣಗೆರೆಯೇ ಬೇರೆ ಜಿಲ್ಲೆಯಾಯಿತು. ಗಡಿಗಳು ಸರಿದರೂ ಒಮ್ಮೆ ಬರೆದ ಹೆಸರು ಅಳಿಯಲಿಲ್ಲ. ಅಲ್ಲಿ ಸಾಹುಕಾರನಿಗೂ ಒಂದೇ ಸಾಲು, ಆಳಿಗೂ ಒಂದೇ ಸಾಲು.

ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಗೊತ್ತೇ? ಮನೆಯ ಹಿರಿಯರನ್ನು ಇವತ್ತೇ ಕೇಳಿ, ಬರೆದಿಡಿ. ಊರಿನ ಇತಿಹಾಸ ಬರೆಯಲು ಪಂಡಿತರೇ ಬೇಕಿಲ್ಲ.