ತಲೆಗೂ ಹೆಗಲಿಗೂ ಒಂದು ಕಟ್ಟು



ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ಕಾರ್ ರ‍್ಯಾಲಿ ನೋಡಿದವರು ಇದನ್ನು ಗಮನಿಸಿರಬಹುದು. ಕಾರು ಓಡಿಸುವವರು, ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿ ಹೇಳುವವರು, ಇಬ್ಬರೂ ಹೆಲ್ಮೆಟ್ಟಿನ ಕೆಳಗೆ ಕತ್ತಿನ ಸುತ್ತ ಕಪ್ಪಗಿನ ಒಂದು ಗಟ್ಟಿ ಕಾಲರು ಹಾಕಿಕೊಂಡಿರುತ್ತಾರೆ. ಅದರಿಂದ ಹೊರಟ ಪಟ್ಟಿ ಹೆಲ್ಮೆಟ್ಟಿನ ಎರಡೂ ಪಕ್ಕ, ಕಿವಿಯ ಹಿಂಭಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಹ್ಯಾನ್ಸ್ ಎನ್ನುತ್ತಾರೆ. ಹೆಡ್ ಅಂಡ್ ನೆಕ್ ಸಪೋರ್ಟ್ ಎಂಬುದನ್ನು ಚಿಕ್ಕದು ಮಾಡಿದ ಹೆಸರು.

ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಅದಕ್ಕೇ ಒಂದು ಕೆಲಸ ಮಾಡಿ. ಎರಡೂ ಅಂಗೈಗಳನ್ನು ಹಿಂದಿನಿಂದ ತಂದು ಹೆಗಲ ಮೇಲಿಡಿ, ಬೆರಳುಗಳು ಎದೆಯ ಕಡೆ ಇಳಿಯಲಿ. ಎತ್ತಿನ ಹೆಗಲ ಮೇಲೆ ನೊಗ ಕೂರುವ ಹಾಗೆ ಈ ಕಾಲರು ಅಲ್ಲಿ ಕೂರುತ್ತದೆ. ಅದರ ಮೇಲೆ ಸೀಟ್ ಬೆಲ್ಟಿನ ಭುಜದ ಪಟ್ಟಿಗಳು ಬಿಗಿಯಾಗಿ ಹಾಯುತ್ತವೆ. ಮೈ ಎಲ್ಲಿಗೆ ಹೋದರೆ ಕಾಲರೂ ಅಲ್ಲಿಗೆ, ಕಾಲರು ಎಲ್ಲಿ ನಿಂತರೆ ತಲೆಯೂ ಅಲ್ಲಿ.

ತಲೆಯನ್ನು ಹೀಗೆ ಮೈಗೆ ಕಟ್ಟುವುದು ಯಾಕೆ? ಸಣ್ಣ ಲೆಕ್ಕ ಹಾಕೋಣ. ಮನುಷ್ಯನ ತಲೆ ಸುಮಾರು ನಾಲ್ಕೂವರೆ ಕಿಲೋ, ಹೆಲ್ಮೆಟ್ಟು ಒಂದೂವರೆ ಕಿಲೋ, ಒಟ್ಟು 6. ಕಾರು ಗೋಡೆಗೆ ಅಪ್ಪಳಿಸಿದಾಗ, ಕ್ಷಣಾರ್ಧದ ಮಟ್ಟಿಗೆ, ಪ್ರತಿಯೊಂದೂ ತನ್ನ ತೂಕದ 50 ಪಟ್ಟು ಭಾರವಾದಂತೆ ಎಳೆಯುತ್ತದೆ ಎಂದುಕೊಳ್ಳಿ. ಆಗ ಕತ್ತಿನ ಮೇಲೆ 300 ಕಿಲೋ ಎಳೆತ. ಮೈಯನ್ನು ಬೆಲ್ಟು ಹಿಡಿದಿದೆ, ತಲೆಯನ್ನು ಯಾರೂ ಹಿಡಿದಿಲ್ಲ. ಅದು ಮುಂದಕ್ಕೆ ಹಾರುತ್ತದೆ. ಮಿದುಳುಬಳ್ಳಿ ಕೆಳಗಿಳಿಯುವ ಜಾಗದಲ್ಲಿ, ಬುರುಡೆಯ ತಳದ ಮೂಳೆ ಬಿರಿಯುತ್ತದೆ. ಎಷ್ಟೋ ಸಲ ಮುಖದ ಮೇಲೆ ಒಂದು ಗೀರೂ ಇರುವುದಿಲ್ಲ. ಪೆಟ್ಟಿನಿಂದ ಕಾಯುವ ಹೆಲ್ಮೆಟ್ಟೇ ಇಲ್ಲಿ ಕತ್ತಿಗೆ ಒಂದೂವರೆ ಕಿಲೋ ಹೆಚ್ಚಿನ ಹೊರೆ. ಬೆಲ್ಟು ಮೈಯನ್ನು ಗಟ್ಟಿಯಾಗಿ ಹಿಡಿದಷ್ಟೂ ಕತ್ತಿನ ಪಾಡು ಕಷ್ಟ.

1981ರಲ್ಲಿ ಅಮೆರಿಕದ ಮಿಡ್-ಓಹಾಯೋ ಟ್ರ್ಯಾಕಿನಲ್ಲಿ ಪ್ಯಾಟ್ರಿಕ್ ಜಾಕ್ಮಾರ್ ಎಂಬ ಚಾಲಕ ಇಂಥದೇ ಗಾಯದಿಂದ ತೀರಿಕೊಂಡರು. ಅವರ ಗೆಳೆಯ ಜಿಮ್ ಡೌನಿಂಗ್ ಕೂಡ ರೇಸ್ ಚಾಲಕ. ಡೌನಿಂಗ್ ಅವರ ಸೋದರಿಯನ್ನು ಮದುವೆಯಾಗಿದ್ದ ರಾಬರ್ಟ್ ಹಬಾರ್ಡ್ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಅಪಘಾತದಲ್ಲಿ ಮೈಗೆ ಏನಾಗುತ್ತದೆ ಎಂಬುದೇ ಅವರ ಅಭ್ಯಾಸದ ವಿಷಯ. ಭಾವ, ಭಾವಮೈದ ಸೇರಿ ಈ ಕಾಲರನ್ನು ಮಾಡಿದರು, ಡೌನಿಂಗ್ ತಾವೇ ತೊಟ್ಟು ಓಡಿಸಿದರು. ಆದರೆ ಕೊಳ್ಳುವವರು ಬಹಳ ಇರಲಿಲ್ಲ. ಕುತ್ತಿಗೆ ಬಿಗಿಯುತ್ತದೆ, ಪಕ್ಕಕ್ಕೆ ಕಾಣುವುದಿಲ್ಲ ಎಂಬ ತಕರಾರು. 1994ರಲ್ಲಿ ಇಟಲಿಯ ಇಮೋಲಾದಲ್ಲಿ, ಇಂಥದೇ ಗಾಯದಿಂದ, ಫಾರ್ಮುಲಾ ಒನ್ ಚಾಲಕ ರೋಲ್ಯಾಂಡ್ ರಾಟ್ಜೆನ್‌ಬರ್ಗರ್ ಸತ್ತರು. 2001ರ ಫೆಬ್ರವರಿಯಲ್ಲಿ ಡೇಟೋನಾ ರೇಸಿನ ಕೊನೆಯ ಸುತ್ತಿನಲ್ಲಿ ಹಾಗೆಯೇ ಡೇಲ್ ಅರ್ನ್‌ಹಾರ್ಟ್ ಸತ್ತರು, ಅಮೆರಿಕದ ಮನೆಮಾತಾಗಿದ್ದ ಚಾಲಕ. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ತಲೆ ಹಿಡಿಯುವ ಇಂಥ ಕಟ್ಟನ್ನು ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ ಕೂಡ. ಡೌನಿಂಗ್ ಗೆಳೆಯನನ್ನು ಕಳೆದುಕೊಂಡು ಆಗಲೇ 20 ವರ್ಷ ದಾಟಿತ್ತು.

ಇನ್ನು ತೊಡುವ ವಿಷಯ. ದುಬಾರಿ ಕಾಲರು ಕೊಂಡು ಸಡಿಲ ಹೆಲ್ಮೆಟ್ಟು ಹಾಕಿದರೆ ಏನು ಬಂತು? ಪಟ್ಟಿ ಹಿಡಿದು ನಿಲ್ಲಿಸುವುದು ಹೆಲ್ಮೆಟ್ಟನ್ನು. ಒಳಗೆ ಜಾಗವಿದ್ದರೆ ತಲೆ ಇನ್ನೂ ಮುಂದಕ್ಕೆ ಓಡುತ್ತಲೇ ಇರುತ್ತದೆ. ಅದಕ್ಕೇ ಎಲ್ಲದಕ್ಕೂ ಮೊದಲು ದರ್ಜಿಯ ಟೇಪು ಬೇಕು. ಹುಬ್ಬಿನ ಸ್ವಲ್ಪ ಮೇಲಿನಿಂದ ತಲೆಯ ಹಿಂದಿನ ಉಬ್ಬಿನ ಮೇಲೆ ಹಾಯಿಸಿ ಸುತ್ತಳತೆ ತೆಗೆಯಬೇಕು. ಬೆಂಕಿ ತಡೆಯುವ ತೆಳು ಮುಸುಕನ್ನು ರೇಸಿನಲ್ಲಿ ಹಾಕುವುದಿದ್ದರೆ ಅಂಗಡಿಯಲ್ಲೂ ಅದನ್ನು ಹಾಕಿಯೇ ನೋಡಬೇಕು. ಹೆಲ್ಮೆಟ್ಟನ್ನು ಹಿಡಿದು ಅಲ್ಲಾಡಿಸಿದರೆ ಕೆನ್ನೆ, ಹಣೆಯ ಚರ್ಮ ಜೊತೆಯಲ್ಲೇ ಅಲ್ಲಾಡಬೇಕು. ಹೊಸದರಲ್ಲಿ ಕೆನ್ನೆ ಒತ್ತಿದರೆ ಒತ್ತಲಿ. ಹಣೆಯ ಒಂದೇ ಜಾಗದಲ್ಲಿ ನೋವು ಚುಚ್ಚಿದರೆ ಮಾತ್ರ ಆ ಆಕಾರ ನಿಮ್ಮದಲ್ಲ, ಬೇರೆಯದನ್ನು ಕೇಳಿ.

ಪಟ್ಟಿ ಸಿಕ್ಕಿಸಲು ಹೆಲ್ಮೆಟ್ಟಿನ ಎರಡೂ ಬದಿಗೆ ಗುಬುಟಿನಂಥ ಕೊಂಡಿ ಬೇಕು. ಕಾರ್ ರೇಸಿನ ಹೆಲ್ಮೆಟ್ಟುಗಳನ್ನು ಪರೀಕ್ಷಿಸುವ ಅಮೆರಿಕದ ಸ್ನೆಲ್ ಪ್ರತಿಷ್ಠಾನ, ತನ್ನ 2015ರ ಮಾನದಂಡದಿಂದ ಈಚೆಗೆ, ಇದಕ್ಕೆ 6 ಮಿಲಿಮೀಟರಿನ ತಿರುಪುಮರೆಗಳನ್ನು ಕಾರ್ಖಾನೆಯಲ್ಲೇ ಕೂರಿಸಬೇಕೆಂದು ಕೇಳುತ್ತದೆ. ಅಂಥದನ್ನು ಕೊಂಡವರಿಗೆ ತೂತು ಕೊರೆಯುವ ಗೋಜಿಲ್ಲ. ಹಳೆಯದಕ್ಕೆ ಮನೆಯಲ್ಲೇ ಡ್ರಿಲ್ಲು ಹಿಡಿಯುವವರನ್ನು ನಾನು ನೋಡಿದ್ದೇನೆ, ಕೈ ಮುಗಿದು ಬೇಡ ಎಂದಿದ್ದೇನೆ. ಕೊಂಡಿಯ ಜಾಗ ಸ್ವಲ್ಪ ತಪ್ಪಿದರೂ ಎಳೆತದ ದಿಕ್ಕು ತಪ್ಪುತ್ತದೆ, ಕೊರೆದ ಚಿಪ್ಪು ಅಲ್ಲಿಂದಲೇ ಸೀಳಬಹುದು. ಬೈಕಿನ ಹೆಲ್ಮೆಟ್ಟಂತೂ ಲೆಕ್ಕಕ್ಕೇ ಇಲ್ಲ. ಅದರ ಒಳಪದರಕ್ಕೆ ಬೆಂಕಿಯ ಪರೀಕ್ಷೆಯಾಗಿರುವುದಿಲ್ಲ.

ಕಾಲರಿನಲ್ಲೂ ಬಗೆಗಳಿವೆ. ನೆಟ್ಟಗೆ ಕೂರುವ ಸಾಮಾನ್ಯ ಕಾರಿಗೆ 20 ಡಿಗ್ರಿ ಓರೆಯದು, ಹಿಂದಕ್ಕೆ ಒರಗಿ ಕೂರುವುದಾದರೆ 30, ಮಲಗಿದಂತೆ ಕೂರುವ ಫಾರ್ಮುಲಾ ಕಾರಿಗೆ 40. ಹಾಗಾಗಿ ಕೊನೆಯ ಪರೀಕ್ಷೆ ಅಂಗಡಿಯ ಕನ್ನಡಿಯ ಮುಂದೆ ಮುಗಿಯುವುದಿಲ್ಲ. ನಿಮ್ಮ ಕಾರಿನ ನಿಮ್ಮ ಸೀಟಿನಲ್ಲಿ, ಬೆಲ್ಟು ಪೂರ್ತಿ ಬಿಗಿದು ಕೂತೇ ನೋಡಬೇಕು. ಭುಜದ ಪಟ್ಟಿ ಕಾಲರಿನ ಮೇಲೆ ಪೂರ್ತಿಯಾಗಿ ಕೂತಿದೆಯೇ? ಅದು ಜಾರಿದರೆ ಕಾಲರು ಬರೀ ಅಲಂಕಾರ. ಹೆಲ್ಮೆಟ್ಟಿನ ಹಿಂದಿನ ಅಂಚು ಕಾಲರಿಗೆ ತಾಗಿ ಗದ್ದ ಎದೆಗೆ ಒತ್ತುತ್ತಿಲ್ಲ ತಾನೇ? ಎಡಕ್ಕೂ ಬಲಕ್ಕೂ ತಿರುಗಿ ಕನ್ನಡಿಗಳನ್ನು ನೋಡಲಾಗುತ್ತಿದೆಯೇ? ಪಟ್ಟಿ ಕಾಲರಿನ ಹಿಂದೆ ಸಲೀಸಾಗಿ ಜಾರುವಂತೆ ಮಾಡಿರುವುದು ಇದಕ್ಕಾಗಿಯೇ. ತಿರುಗಲು ಬೇಕಾದಷ್ಟು ಸಡಿಲ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಕಾರಿನಿಂದ ತುರ್ತಾಗಿ ಇಳಿಯುವುದನ್ನೂ ಹ್ಯಾನ್ಸ್ ತೊಟ್ಟೇ ಅಭ್ಯಾಸ ಮಾಡಿರಬೇಕು.

ರೇಸಿಗೂ ನಮಗೂ ಏನು ಸಂಬಂಧ ಎಂದು ಸ್ಕೂಟರ್ ಓಡಿಸುವವರು ಕೇಳಬಹುದು. ನಿಮಗೆ ಹ್ಯಾನ್ಸ್ ಬೇಡ. ನಿಮ್ಮ ಮೈಯನ್ನು ಬೆಲ್ಟು ಕಟ್ಟಿಲ್ಲ, ಕಾಲರು ಕೂರಲು ಜಾಗವೇ ಇಲ್ಲ. ಹೆಲ್ಮೆಟ್ಟಿನ ಮಾತು ಮಾತ್ರ ನಿಮಗೂ ಸಲ್ಲುತ್ತದೆ. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಗದ್ದದ ಪಟ್ಟಿ ಬಿಗಿದು, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಹೆಲ್ಮೆಟ್ಟು ತಲೆಯಿಂದ ಕಳಚಿ ಕೈಗೆ ಬಂದರೆ, ದಯವಿಟ್ಟು ಬೇರೆಯದನ್ನು ಕೊಳ್ಳಿ.